ಸೊಂಟಕ್ಕೆ ಒದೆಯಲು ಒಲ್ಲೆನೆಂದ ಅಕ್ಕ

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಅಕ್ಕನ ಚಟ್ಟ ಎತ್ತುವ ಹೊತ್ತಿಗೆ ಹಿಂದಿನಿಂದ ಯಾರೋ ಅಂದರು: "ಮೊಣಕಾಲು ಮಡಿಚಿ ಎತ್ರಪ್ಪಾ. ಸೊಂಟ ಬಗ್ಗಿಸಿದ್ರ ಆಕಿ ಎದ್ದು ಬೈತಾಳ ನೋಡ್ರಿ." ಎತ್ತುವವರು ನಾಲ್ವರೂ ಅಕ್ಕಿ ಗಿರಣಿಯ ಹಮಾಲರು. ನಾಲ್ವರೂ ಕುಕ್ಕರುಗಾಲಲ್ಲಿ ಕೂತು, ಬೆನ್ನು ನೆಟ್ಟಗಿಟ್ಟು, ಬಿದಿರನ್ನು ಮೈಗೆ ಹತ್ತಿರ ತಂದುಕೊಂಡು, ಕಾಲಿನ ಬಲದ ಮೇಲೆ ಎದ್ದರು. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮಣ್ಣಿಗೆ ಹೋದ ಕಡೆ ನಗಬಾರದು ಅನ್ನುತ್ತಾರೆ. ಅಕ್ಕನ ಮಣ್ಣಿನಿಂದ ನಗದೆ ಮನೆಗೆ ಮರಳಿದವರು ಯಾರೂ ಇರಲಿಕ್ಕಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ಓಣಿಗೆಲ್ಲ ಅಕ್ಕ, ನನಗೂ ಅಕ್ಕ. ಒಡಹುಟ್ಟಿದವಳಲ್ಲ, ಎದುರು ಮನೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಕುಳ್ಳಗೆ, ಕಪ್ಪಗೆ, ಕಂಬದಷ್ಟು ನೆಟ್ಟಗೆ ಇದ್ದಳು. ನಡೆಯುವಾಗ ತಲೆಯ ಮೇಲೆ ಕೊಡ ಇಲ್ಲದಿದ್ದರೂ ಇದ್ದ ಹಾಗೆಯೇ ನಡೆಯುತ್ತಿದ್ದಳು. ಮಾತೂ ಹಾಗೇ ನೆಟ್ಟಗೆ ಬಂದು ಎದೆಗೇ ತಾಗುತ್ತಿತ್ತು.

ನಮ್ಮ ಕಡೆ ಸೊಂಟ ಹಿಡಿದುಕೊಂಡರೆ ಒಂದು ಮದ್ದಿದೆ. ತಾಯಿಯ ಹೊಟ್ಟೆಯಿಂದ ತಲೆ ಮುಂದಾಗಿ ಬರದೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಕರೆತಂದು, ಅವರಿಂದ ಸೊಂಟಕ್ಕೆ ಮೂರು ಸಲ ಒದೆಸಿಕೊಳ್ಳುವುದು. ನೋವಿದ್ದವರು ಹೊಸ್ತಿಲ ಮೇಲೆ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕು. ಒದೆಯುವವರು ಹಿಂದಿನಿಂದ ಎಡಗಾಲಿನಿಂದ ಒದೆಯಬೇಕು. ಹಿರಿಯರಿಗೆ ಕಾಲು ತಾಗಿಸಿದ ಪಾಪ ಕಳೆಯಲು ಒದ್ದವರೇ ಅವರ ಪಾದ ಮುಟ್ಟಿ ನಮಸ್ಕರಿಸಿ, ಕೊಬ್ಬರಿ ಬೆಲ್ಲ ಇಸಿದುಕೊಂಡು ಹೋಗಬೇಕು. ನಗುವವರು ನಗಲಿ. ಸೊಂಟ ಹಿಡಿದುಕೊಂಡು ಮೂರು ದಿನ ಗೋಡೆ ಹಿಡಿದು ನಡೆದವನಿಗೆ ಯಾವ ಮದ್ದೂ ನಗೆಯಾಗಿ ಕಾಣುವುದಿಲ್ಲ.

ಅಕ್ಕ ಹುಟ್ಟಿದ್ದು ಕಾಲು ಮುಂದಾಗಿ. ಆರನೆಯ ವರ್ಷದಿಂದಲೇ ಆಕೆಯ ಕಾಲಿಗೆ ಕರೆ ಬರತೊಡಗಿತು. ಕಂಪ್ಲಿಯಿಂದ ಗಾಡಿ ಕಟ್ಟಿಕೊಂಡು ಬಂದು ಒಯ್ದವರಿದ್ದರು. ಬೇರೆ ದಿನ ಆಕೆಯ ಅವ್ವನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ದೊಡ್ಡ ಮನೆಗಳಲ್ಲಿ, ಯಜಮಾನರ ಸೊಂಟ ಹಿಡಿದ ದಿನ ಮಗಳನ್ನು ಹೆಗಲ ಮೇಲೆ ಹೊತ್ತು ಪಡಸಾಲೆಗೆ ಕರೆದೊಯ್ಯುತ್ತಿದ್ದರು. ದಪ್ಪ ಮೀಸೆಯ ಸಾವ್ಕಾರರು ಚೌಕಟ್ಟು ಹಿಡಿದು, ಧೋತರ ಸರಿಪಡಿಸಿಕೊಂಡು, "ಮೆಲ್ಲಕ ಒದಿಯವ್ವಾ" ಅಂತ ಆ ಪುಟ್ಟ ಹುಡುಗಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

"ದೊಡ್ಡೋರ ಮುಖ ಎಲ್ಲಾರೂ ನೋಡ್ತಾರ ತಮ್ಮಾ," ಅಂತ ಮುಂದೆ ನನಗೆ ಹೇಳುತ್ತಿದ್ದಳು. "ನಾ ಅವ್ರ ಬೆನ್ನು ನೋಡೀನಿ. ಬೆನ್ನಿಗೆ ಸಾವ್ಕಾರ್ಕಿ ಇರಂಗಿಲ್ಲ."

ಹನ್ನೊಂದನೆಯ ವಯಸ್ಸಿಗೆ ಆಕೆ ಒದೆಯುವುದನ್ನು ಬಿಟ್ಟುಬಿಟ್ಟಳು. ಕರೆಯಲು ಬಂದವರು ಬೈದರು, ಬೇಡಿದರು, ಕೊಬ್ಬರಿ ಬೆಲ್ಲದ ಜೊತೆ ಕುಪ್ಪಸದ ಕಣ ಇಟ್ಟು ನೋಡಿದರು. "ಕಾಲಿನ ಗುಣ ಹೋತ್ರಿ," ಅನ್ನುವುದೊಂದೇ ಉತ್ತರ. ದೊಡ್ಡವಳಾದಂತೆ ಆ ಗುಣ ಹೋಗುವುದು ಇದ್ದರೂ ಇರಬಹುದು ಅಂತ ಊರು ಸುಮ್ಮನಾಯಿತು. ಆದರೂ ಸೊಂಟ ಹಿಡಿದಾಗಲೆಲ್ಲ ಜನ ಮೊದಲು ನೆನೆಯುತ್ತಿದ್ದುದು ಆಕೆಯನ್ನೇ.

ಅದೇ ಕಾಲಕ್ಕೆ ನಮ್ಮ ಸೀಮೆಗೆ ಕಾಲುವೆ ನೀರು ಬಂದಿತ್ತು. ಜೋಳ, ಸಜ್ಜೆ ಬಿಟ್ಟರೆ ಬೇರೇನೂ ಕಾಣದಿದ್ದ ಹೊಲಗಳಲ್ಲಿ ವರ್ಷಕ್ಕೆ ಎರಡು ಸಲ ಭತ್ತ ತೂಗಾಡಿತು. ಕಂಪ್ಲಿಯಿಂದ ಹೊಸಪೇಟೆಯವರೆಗೆ ಗಿರಣಿಯ ಹೊಗೆಗೊಳವೆಗಳು ಎದ್ದವು. ಮಣ್ಣಿನ ಮಾಳಿಗೆಗಳು ಹೋಗಿ ಆರ್‌ಸಿಸಿ ಬಂತು, ಮನೆಗೊಂದು ರೇಡಿಯೋ ಬಂತು. ಎಲ್ಲರೂ ಅದನ್ನೇ ಹೇಳುತ್ತಾರೆ, ಸುಳ್ಳೇನಲ್ಲ. ಯಾರೂ ಹೇಳದ ಸಂಗತಿಯೊಂದಿದೆ: ಸೊಂಟನೋವಿಗೂ ಅದು ಎರಡು ಬೆಳೆಯ ಕಾಲ. ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವ ಹೆಂಗಸರು, ಹಂಪಿ ಕಡೆಯ ತೋಟಗಳಿಂದ ಬಾಳೆಗೊನೆ ಹೊರುವವರು, ಸಂಡೂರಿನ ಗುಡ್ಡದಿಂದ ಅದಿರು ಇಳಿಸುವ ಲಾರಿ ಡ್ರೈವರುಗಳು, ಬೆನ್ನ ಮೇಲೆ ಭತ್ತದ ಚೀಲ ಹೊತ್ತು ಹಲಗೆ ಏರುವ ಹಮಾಲರು. ನೀರು ಹೊಲಕ್ಕೆ ಬಂತು, ನೋವು ನಡುವಿಗೆ ಬಂತು.

ಅಕ್ಕ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಅಲ್ಲಿ ಹಿಂದುಗಡೆ ಒಂದು ಕೋಣೆ, ಜನರ ಬಾಯಲ್ಲಿ 'ಕಸರತ್ತಿನ ಕೋಣೆ'. ಕೈಕಾಲು ಮುರಿದವರಿಗೆ, ಬೆನ್ನು ಹೋದವರಿಗೆ ವ್ಯಾಯಾಮ ಮಾಡಿಸುವುದು, ಕಾವು ಕೊಡುವುದು ಅಲ್ಲಿ. ಮೂಲೆಯಲ್ಲಿ ಪ್ಲಾಸ್ಟರಿನ ಬೆನ್ನುಮೂಳೆಯೊಂದನ್ನು ನೇತುಹಾಕಿದ್ದರು. ಅದರ ಧೂಳು ಒರೆಸುವುದು ಅಕ್ಕನ ಪಾಲಿಗೆ ಬಿತ್ತು. ಒಂದೊಂದೇ ಎಲುಬು ಒರೆಸುತ್ತ, ಡಾಕ್ಟರು ರೋಗಿಗಳಿಗೆ ಹೇಳುವುದನ್ನು ಕೇಳುತ್ತ, ಆರೇಳು ವರ್ಷಗಳಲ್ಲಿ ಆಕೆ ಕಲಿತದ್ದನ್ನು ನಾನು ಯಾವ ಪುಸ್ತಕದಲ್ಲೂ ಅಷ್ಟು ಚಿಕ್ಕದಾಗಿ ಓದಿಲ್ಲ. "ಎಲುಬಿನ ಮ್ಯಾಲೆ ಎಲುಬು, ನಡುವ ಒಂದೊಂದು ಗಾದಿ, ಗಾದಿ ಪಕ್ಕ ನರ. ಗಾದಿ ತನ್ನ ಜಾಗದಾಗ ಇರೋತನಕ ನೀ ರಾಜಾ. ಜಾರಿ ನರದ ಮ್ಯಾಲೆ ಕುಂತಿತು ಅಂದ್ರ ರಾಜನೂ ಇಲ್ಲ, ಕುದುರಿನೂ ಇಲ್ಲ."

ಕೆಲಸದಿಂದ ಬಂದ ಮೇಲೆ ಆಕೆಯ ಜಗಲಿಯೇ ಒಂದು ಆಸ್ಪತ್ರೆ. ಮದ್ದು ಕೊಡುತ್ತಿರಲಿಲ್ಲ, ಮಂತ್ರ ಹಾಕುತ್ತಿರಲಿಲ್ಲ. ಬಂದವರಿಗೆ ಮೂರು ಪ್ರಶ್ನೆ ಕೇಳುತ್ತಿದ್ದಳು. ಕಾಲು ಜುಮ್ಮಂತೈತೇನು? ಹೆಬ್ಬೆರಳು ಮ್ಯಾಲೆತ್ತಾಕ ಬರ್ತೈತೇನು? ಒಂದಕ್ಕ ಸರಿಯಾಗಿ ಹೋಗಿ ಬಂದಿಯೇನು? ಮೂರಕ್ಕೂ ಉತ್ತರ ಚೆನ್ನಾಗಿದ್ದರೆ ಒಳಗೆ ಕರೆದು ಕಾವು ಕೊಡುತ್ತಿದ್ದಳು. ಒಂದು ಕೆಟ್ಟಿದ್ದರೂ ಕೈ ಮುಟ್ಟಿಸುತ್ತಿರಲಿಲ್ಲ. "ನೋವು ಸೊಂಟದಾಗ ಇದ್ರ ನನ್ನ ಕೆಲಸ. ಕಾಲಿಗಿಳಿದ್ರ ಡಾಕ್ಟ್ರ ಕೆಲಸ. ನಡೀರಿ," ಅಂತ ಎಬ್ಬಿಸಿ ಕಳಿಸುತ್ತಿದ್ದಳು.

ಪಡಸಾಲೆಯ ಗೂಡಿನಲ್ಲಿ ಆಕೆಯ ಸಾಮಾನು. ಕೆಂಪು ರಬ್ಬರಿನ ಬಿಸಿನೀರಿನ ಚೀಲ ಒಂದು. ಹೊಳೆಯ ಮರಳನ್ನು ಜರಡಿ ಹಿಡಿದು ತುಂಬಿದ ಬಟ್ಟೆಯ ಗಂಟು ಎರಡು. ಹಂಚಿನ ಮೇಲೆ ಬಿಸಿ ಮಾಡಿ, ಮೊದಲು ತನ್ನ ಮೊಣಕೈಗೆ ತಾಗಿಸಿ ನೋಡಿ, ಆಮೇಲೆ ರೋಗಿಯ ಸೊಂಟಕ್ಕೆ ಇಡುತ್ತಿದ್ದಳು. "ಕಾವು ಅಂದ್ರ ಸುಡೋದಲ್ಲ. ರೊಟ್ಟಿ ಬೇಯಿಸಾಕ ಬಂದೀಯೇನು?" ಅಂತ, ಇನ್ನೂ ಬಿಸಿ ಬೇಕು ಅಂದವರಿಗೆ ಬೈಗುಳ. ಗಿರಣಿಯ ಹಳೇ ಕ್ಯಾನ್ವಾಸ್ ಬೆಲ್ಟು ಕತ್ತರಿಸಿ, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿದ ಸೊಂಟದ ಪಟ್ಟಿಗಳು. ಅದಕ್ಕೆ ಬೆಲ್ಟು ತಂದುಕೊಟ್ಟವನು ನಾನೇ. ನಾನು ಗಿರಣಿ ಫಿಟ್ಟರ್. ಆಸ್ಪತ್ರೆಯಲ್ಲಿದ್ದಂಥ, ಕಾವು ಕೊಡುವ ಕೆಂಪು ದೀಪವನ್ನು ಏರಿಸಿ ಇಳಿಸಲು ಒಂದು ಸ್ಟ್ಯಾಂಡನ್ನೂ ಮಾಡಿಕೊಟ್ಟಿದ್ದೆ. ದೀಪ ಮೈಯಿಂದ ಒಂದು ಮೊಳ ದೂರ, ಹತ್ತು ನಿಮಿಷ. ಹನ್ನೊಂದಾದರೆ ಆಕೆ ಗುಂಡಿ ಒತ್ತಿ ಆರಿಸಿಬಿಡುತ್ತಿದ್ದಳು.

ಪಟ್ಟಿ ಕಟ್ಟಿಕೊಂಡು ಅದನ್ನು ಬಿಚ್ಚಲು ಒಲ್ಲೆನೆಂದ ಕಂಪ್ಲಿಯ ಹಮಾಲನೊಬ್ಬನಿಗೆ ಅಂದದ್ದು ನೆನಪಿದೆ. "ಚೀಲ ಎತ್ತುವಾಗ ಕಟ್ಟು, ಉಣ್ಣುವಾಗ ಬಿಚ್ಚು. ಇಡೀ ದಿನ ಪಟ್ಟೀನೇ ದುಡೀತಿದ್ರ ನಿನ್ನ ಸೊಂಟ ಏನು ಮಾಡಬೇಕು? ಕುಂತು ಉಣ್ಣಬೇಕೇನು?" ಆ ಕಾಲಕ್ಕೆ ಸೊಂಟನೋವು ಅಂದರೆ ತಿಂಗಳುಗಟ್ಟಲೆ ಮಲಗಿಸುವುದು ರೂಢಿ. ಅಕ್ಕ ಅದನ್ನೂ ಒಪ್ಪುತ್ತಿರಲಿಲ್ಲ. ಹಲಗೆಯ ಮೇಲೆ ಎರಡು ದಿನ, ಮೂರನೆಯ ದಿನ ಎದ್ದು ಓಣಿಯ ತುದಿಯತನಕ ನಡಿಗೆ. ಮಲಗಿದ ಹಮಾಲ ಮತ್ತೆ ಮೇಲೇಳದ್ದನ್ನು ಆಕೆ ನೋಡಿದ್ದಳು.

ಆಕೆಯ ಗಂಡ ಸಂಡೂರಿನ ಅದಿರು ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಆತನ ನಡುವಿಗೆ ಒತ್ತುಕೊಡಲು ಬೂರುಗದ ಹತ್ತಿಯ ಒಂದು ಗೇಣಿನ ದಿಂಬು ಹೊಲಿದುಕೊಟ್ಟಳು. ಎರಡು ತಿಂಗಳಲ್ಲಿ ಆತನ ಜೊತೆಯ ಡ್ರೈವರುಗಳೆಲ್ಲ ದಿಂಬು ಕೇಳಿಕೊಂಡು ಓಣಿಗೆ ಬಂದರು. ತೋರಣಗಲ್ಲಿನ ಕಡೆ ಯಾವುದಾದರೂ ಲಾರಿಯ ಸೀಟಿನಲ್ಲಿ ಹೂವಿನ ಚೀಟಿಬಟ್ಟೆಯ ದಿಂಬು ಕಂಡರೆ, ಇದು ನಮ್ಮ ಓಣಿಯದು ಅಂತ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಮುಂದೆ ಎಂಬತ್ತರ ದಶಕದಲ್ಲಿ ಗಡಗಡ ನಡುಗುವ ಕರೆಂಟಿನ ಮಸಾಜು ಯಂತ್ರಗಳು ಪೇಟೆಗೆ ಬಂದವು. ಗಣಿ ಆಫೀಸಿನ ಗುಮಾಸ್ತರೊಬ್ಬರು ಮುಂಬಯಿಯಿಂದ ಒಂದನ್ನು ತರಿಸಿ, ಅಕ್ಕನಿಗೆ ತೋರಿಸಿಯೇ ಹಚ್ಚಿಕೊಳ್ಳಬೇಕು ಅಂತ ಬಂದರು. ಅಕ್ಕ ಅದನ್ನು ಚಾಲೂ ಮಾಡಿ ಮೇಜಿನ ಮೇಲಿಟ್ಟಳು. ಮೇಜಿನ ಮೇಲಿದ್ದ ಚಹದ ಲೋಟ ನಡುಗುತ್ತ ನಡುಗುತ್ತ ಅಂಚಿಗೆ ಬಂತು. "ಲೋಟಕ್ಕ ಭಾಳ ಆರಾಮಾದಂಗ ಕಾಣ್ತೈತ್ರಿ," ಅಂದಳು. ಗುಮಾಸ್ತರ ಮುಖ ಸಪ್ಪಗಾಯಿತು. ಆಮೇಲೆ ಆಕೆಯೇ ತನ್ನ ಹೆಗಲಿಗೆ ಹಿಡಿದು ನೋಡಿ, "ಕೆಟ್ಟದ್ದೇನಲ್ಲ. ಮಾಂಸಖಂಡಕ್ಕ ಹಿಡೀರಿ, ಎಲುಬಿನ ಮ್ಯಾಲೆ ಬ್ಯಾಡ. ಐದು ನಿಮಿಷ ಸಾಕು. ಆದ್ರ ಇದು ನಿಮ್ಮ ಸಲುವಾಗಿ ನಡೆಯಂಗಿಲ್ರೀ, ನಡೆಯೋದು ನೀವ," ಅಂತ ಕಳಿಸಿದಳು. ಯಾವ ಸಾಮಾನನ್ನೂ ಆಕೆ ದೇವರಾಗಿ ಮಾಡಲಿಲ್ಲ, ದೆವ್ವವಾಗಿಯೂ ಮಾಡಲಿಲ್ಲ.

ಇಷ್ಟೆಲ್ಲ ಕಂಡೂ ಕೇಳಿಯೂ ನಾನು ಎಂಥ ಮೂರ್ಖ ಅನ್ನುವುದನ್ನು ಈಗ ಹೇಳಬೇಕು.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಸುಗ್ಗಿಯ ಹೊತ್ತು. ಗಿರಣಿಯ ಅಂಗಳದಲ್ಲಿ ಭತ್ತದ ರಾಶಿ ಬಿದ್ದಿತ್ತು, ಮೋಟರು ಸುಟ್ಟು ಗಿರಣಿ ನಿಂತಿತ್ತು. ಹೊಸ ಮೋಟರನ್ನು ಇಬ್ಬರೇ ಎತ್ತಿ ಕೂರಿಸಿದೆವು. ಮೊಣಕಾಲು ಮಡಿಚಲಿಲ್ಲ, ಸೊಂಟವನ್ನೇ ಬಗ್ಗಿಸಿದೆ. ಎತ್ತಿದ ಮೇಲೆ ಮೈಯನ್ನು ಪಕ್ಕಕ್ಕೆ ತಿರುಗಿಸಿಯೂ ಬಿಟ್ಟೆ. ಚಳಕ್ ಅಂತು. ಗಂಡಸು, ಅದರಲ್ಲೂ ಫಿಟ್ಟರ್, ಯಾರಿಗೆ ಹೇಳಲಿ? ಎದುರು ಮನೆಯ ಅಕ್ಕನಿಗಂತೂ ಹೇಳಲೇ ಇಲ್ಲ. ಹೇಳಿದರೆ "ಮಾಡಿದ್ದುಣ್ಣೋ ಮಹರಾಯ" ಅಂತ ಓಣಿಯ ಮುಂದೆ ಮಂಗಳಾರತಿ ಎತ್ತುತ್ತಾಳೆ. ನಾಲ್ಕು ದಿನ ಹಾಗೇ ದುಡಿದೆ. ಎಡಗಾಲಿನ ಚಪ್ಪಲಿ ಜಾರಿ ಜಾರಿ ಹೋಗುತ್ತಿತ್ತು. ಹೊಸ ಚಪ್ಪಲಿ, ಅಳತೆ ದೊಡ್ಡದಾಯಿತು ಅಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ನಮ್ಮವ್ವ ಕೂಗಿದ ಕೂಗಿಗೆ ಓಣಿ ನೆರೆಯಿತು. ಗಿರಣಿಯ ಸಾವ್ಕಾರರೂ ಬಂದರು. ಮೋಟರು ಕೂತಿತ್ತು, ಅದರ ಬೆಲ್ಟು ಇನ್ನೂ ಏರಿಸಿರಲಿಲ್ಲ, ಭತ್ತ ಅಂಗಳದಲ್ಲೇ ಇತ್ತು, ಮೋಡ ಬೇರೆ ಕಟ್ಟಿತ್ತು. ಇಬ್ಬರು ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಹೊಸ್ತಿಲ ಮೇಲೆ ನಿಲ್ಲಿಸಿದರು. ನಾನೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದು ನಮ್ಮ ರಕ್ತದಲ್ಲೇ ಇತ್ತು.

ನಮ್ಮವ್ವ ಎದುರು ಮನೆಗೆ ಓಡಿ ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಆಸ್ಪತ್ರೆಗೆ ಹೊರಟ ಬಿಳಿ ಸೀರೆಯಲ್ಲೇ ಬಂದಳು.

"ಕಾಲಿನ ಗುಣ ಹೋಗೈತಿ ಅನ್ನಬ್ಯಾಡ ಯವ್ವಾ ಇವತ್ತ. ಮೂರು ಒದಿ ಸಾಕು. ನಿನ್ನ ತಮ್ಮ ಅಂತ ತಿಳಕೋ," ಅಂದಳು ಅವ್ವ.

ಅಕ್ಕ ನನ್ನ ಹಿಂದೆ ನಿಲ್ಲಲಿಲ್ಲ. ಜನರ ನಡುವೆ ನುಸುಳಿ ನನ್ನ ಮುಂದೆ ಬಂದು ನಿಂತಳು. "ಕಾಲು ಜುಮ್ಮಂತೈತೇನು?"

"ಸ್ವಲ್ಪ. ಎಡಗಾಲು," ಅಂದೆ.

"ಎಡಗಾಲ ಹೆಬ್ಬೆರಳು ಎತ್ತು."

ಎತ್ತಿದೆ. ಎತ್ತಿದೆ ಅಂತ ನಾನು ಅಂದುಕೊಂಡೆ. ತಲೆ ತಗ್ಗಿಸಿ ನೋಡಿದರೆ ಅದು ಹೊಸ್ತಿಲ ಮೇಲೆ ಯಾರದೋ ಬೆರಳಿನ ಹಾಗೆ ಸುಮ್ಮನೆ ಮಲಗಿತ್ತು. ನಾನು ಎಷ್ಟು ಹೆದರಿದೆ ಅಂದರೆ, ನೋವು ಕೂಡ ಒಂದು ಗಳಿಗೆ ಮರೆತುಹೋಯಿತು.

"ಒಂದಕ್ಕ ಹೋಗಿ ಬಂದಿಯೇನು?"

"ಹೂಂ. ಬಂದೀನಿ." ಅವ್ವನ ಮುಂದೆ, ಸಾವ್ಕಾರರ ಮುಂದೆ, ಓಣಿಯ ಹೆಣ್ಣುಮಕ್ಕಳ ಮುಂದೆ ಮತ್ತೇನು ಹೇಳಲಿ?

ಅಕ್ಕ ಅಂಗೈಯನ್ನು ನನ್ನ ಹೊಕ್ಕುಳ ಕೆಳಗೆ ಇಟ್ಟು ಒತ್ತಿದಳು. ಅಲ್ಲಿ ಕಲ್ಲಿನಂತೆ ಗಟ್ಟಿಯಾಗಿತ್ತು. "ಸುಳ್ಳು ಹೇಳಬ್ಯಾಡ ತಮ್ಮಾ," ಅಂದಳು. ಇಷ್ಟು ಮೆಲ್ಲಗೆ ಆಕೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ಯಾವಾಗಿಂದ?"

"ನಿನ್ನಿ ಸಂಜಿಂದ," ಅಂದೆ. ಅಳು ಬಂತು.

ಆಕೆ ಜನರ ಕಡೆ ತಿರುಗಿದಳು. "ಮಲಗಿಸ್ರಿ ಇವನ್ನ. ಹಲಗಿ ತರ್ರಿ. ಈಗಿಂದೀಗ ಆಸ್ಪತ್ರಿಗೆ ಒಯ್ಯಬೇಕು."

"ಆಸ್ಪತ್ರಿಗೆ ಆಮ್ಯಾಲ ಒಯ್ದ್ರಾತು," ಅಂದರು ಸಾವ್ಕಾರರು. ಒಂದು ಕಾಲದಲ್ಲಿ ಅವರೂ ಆಕೆಯಿಂದ ಒದೆಸಿಕೊಂಡವರೇ. "ಮೊದಲ ಮೂರು ಒದ್ದು ನೋಡವ್ವಾ. ನನಗ ಅವತ್ತ ಒದ್ದಿದ್ದಿ, ಮರುದಿನ ಪ್ಯಾಟಿಗೆ ನಡಕೊಂಡು ಹೋಗೀನಿ ನಾನು."

"ನಿಮ್ದು ಬರೇ ಉಳುಕು ಸಾವ್ಕಾರ್ರ. ಒದ್ರೂ ಹೋಗ್ತಿತ್ತು, ಒದಿಲಿಲ್ಲಂದ್ರೂ ಹೋಗ್ತಿತ್ತು. ಇವಂದು ಉಳುಕಲ್ಲ. ನಾ ಒಲ್ಲೆ."

ನಮ್ಮವ್ವನಿಗೆ ಸಿಟ್ಟು ಬಂತು. ಮಗ ಹೊಸ್ತಿಲ ಮೇಲೆ ನರಳುವಾಗ ಯಾವ ತಾಯಿಗೆ ಬರುವುದಿಲ್ಲ? "ನಿನ್ನ ಕಾಲೇನು ಸವೀತೈತೇನ? ಊರ ಸಾವ್ಕಾರ್ರಿಗೆಲ್ಲ ಒದ್ದಿ, ನನ್ನ ಮಗಗ ಮೂರು ಒದಿ ಹೆಚ್ಚಾತೇನ? ನಾಳೆ ಇಂವಗ ಏನರ ಆದ್ರ ನಿನ್ನ ಮನಿ ಬಾಗಿಲಿಗೇ ತಂದು ಮಲಗಸ್ತೀನಿ!" ಜನರೂ ಗುಜುಗುಜು ಅಂದರು. ಆಸ್ಪತ್ರೆ ಸೇರಿದ ಮೇಲೆ ಈಕೆಗೆ ಸೊಕ್ಕು ಬಂದಿದೆ ಅಂತ ಯಾರೋ ಅಂದರು.

ಅಕ್ಕ ಹೊಸ್ತಿಲಿಗೆ ಅಡ್ಡಲಾಗಿ, ನನ್ನ ಬೆನ್ನ ಹಿಂದೆ ಕೂತುಬಿಟ್ಟಳು. ಬೇರೆ ಯಾರೂ ಒದೆಯಲು ಬರಬಾರದು ಅಂತ. ಕೂತೇ ಹೇಳಿದಳು.

"ನಮ್ಮಪ್ಪನ ಕಾಲು ಹ್ಯಾಂಗ ಹೋತು ಅಂತ ನಿಮಗ ಗೊತ್ತೇನು?"

ಎಲ್ಲರಿಗೂ ಗೊತ್ತಿತ್ತು. ಆಕೆಯ ಅಪ್ಪ ಹಿಂದೆ ಗಿರಣಿಯ ಹಮಾಲ. ಬಲಗಾಲು ಎಳೆಯುತ್ತ ಕೋಲು ಊರಿ ನಡೆಯುತ್ತಿದ್ದ, ಮಗಳ ಮನೆಯ ಜಗಲಿಯ ಮಂಚದ ಮೇಲೆ ಇರುತ್ತಿದ್ದ. ಮೈ ಮೇಲೆ ಚೀಲ ಬಿದ್ದು ಕಾಲು ಹೋಯಿತು ಅನ್ನುವುದು ಓಣಿ ನಂಬಿದ್ದ ಮಾತು.

"ಚೀಲಾನೂ ಬಿದ್ದಿಲ್ಲ, ಏನೂ ಬಿದ್ದಿಲ್ಲ. ಸೊಂಟ ಹಿಡಕೊಂಡಿತ್ತು. ಕುಂಟೆಬಿಲ್ಲಿ ಆಡಾಕ ಹತ್ತಿದ್ದ ನನ್ನ ಎಳಕೊಂಡು ಬಂದು ಒದಿ ಅಂದ. ಆಟ ಬಿಡಿಸಿದ್ದಕ್ಕ ನನಗ ಸಿಟ್ಟಿತ್ತು. ಸಿಟ್ಟಿಲೆ ಒದ್ದೆ. ಎರಡನೇದಕ್ಕ ಅಪ್ಪ ಕೆಳಗ ಬಿದ್ದ. ಆಮ್ಯಾಲ ಆ ಕಾಲು ಎತ್ತೇ ಇಲ್ಲ. ನನಗ ಆಗ ಹನ್ನೊಂದು. ಆಸ್ಪತ್ರ್ಯಾಗ ಆ ಬೆನ್ನೆಲುಬು ತೋರಿಸಿ ಡಾಕ್ಟರಿಗೆ ಕೇಳೀನಿ, ಹಿಂಗ ಗಾದಿ ಜಾರಿದಾಗ ಒದ್ರ ಏನಾಗ್ತೈತ್ರಿ ಅಂತ. ಅವ್ರು ಮೊದಲ ನಕ್ರು. ನನ್ನ ಮುಖ ನೋಡಿ ನಗು ನಿಲ್ಲಿಸಿದ್ರು. ಇನ್ನ ಕೇಳಬ್ಯಾಡ್ರಿ. ಒಬ್ರ ಕಾಲು ತಗೊಂಡೀನಿ. ಇನ್ನೊಬ್ರದು ತಗೊಳಂಗಿಲ್ಲ."

ನಮ್ಮವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಸಾವ್ಕಾರರು ಹೊರಗೆ ಹೋಗಿ ತಮ್ಮ ಟ್ರ್ಯಾಕ್ಟರು ತರಿಸಿದರು. ಟ್ರೇಲರಿಗೆ ಭತ್ತದ ಹುಲ್ಲು ಹಾಕಿ, ಮೇಲೆ ಗಿರಣಿಯ ಹಳೇ ಕದದ ಹಲಗೆ ಇಟ್ಟು ನನ್ನನ್ನು ಮಲಗಿಸಿದರು. ಅಕ್ಕ ನನ್ನ ಸೊಂಟದ ಎರಡೂ ಬದಿಗೆ ಮರಳಿನ ಗಂಟು ಒತ್ತಿಟ್ಟು, ಅಲುಗದಂತೆ ಹಿಡಿದುಕೊಂಡು ಕೂತಳು. ಪ್ರತಿ ಗುಂಡಿಗೂ ಡ್ರೈವರನಿಗೆ ಬೈದಳು. ಹೊಸಪೇಟೆಯ ಆಸ್ಪತ್ರೆಯವರು ನಳಿಕೆ ಹಾಕಿ ಮೂತ್ರ ತೆಗೆದು, ಪರೀಕ್ಷೆ ಮಾಡಿದ ಕೂಡಲೇ ಬಳ್ಳಾರಿಗೆ ಕಳಿಸಿದರು. ಅದೇ ದಿನ ಆಪರೇಷನ್ ಆಯಿತು. ಗಾದಿ ಜಾರಿ ನರದ ಕಟ್ಟಿನ ಮೇಲೇ ಕೂತಿತ್ತಂತೆ. "ಬೇಗ ತಂದದ್ದು ಒಳ್ಳೆಯದಾಯಿತು. ಇದರ ಮೇಲೆ ಪೆಟ್ಟು ಬಿದ್ದಿದ್ದರೆ, ಅಥವಾ ಇನ್ನೆರಡು ದಿನ ಕಳೆದಿದ್ದರೆ, ಕಾಲಿನ ಆಸೆಯನ್ನೇ ಬಿಡಬೇಕಾಗಿತ್ತು," ಅಂದರು ಅಲ್ಲಿನ ಡಾಕ್ಟರು. ಕಾಲು ಮರಳಿ ಬರುತ್ತದೋ ಇಲ್ಲವೋ ಅನ್ನುವುದನ್ನು ಅವರೂ ಆಗ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಮೂರು ತಿಂಗಳು ಅಕ್ಕನ ಕೈಯಲ್ಲಿ ಸಿಕ್ಕಿಬಿದ್ದೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಸರತ್ತು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೆಬ್ಬೆರಳಿಗೆ ದಾರ ಕಟ್ಟಿ ಆಕೆ ಎತ್ತುತ್ತಿದ್ದಳು, "ನೀನೂ ಎತ್ತು, ಮನಸಿನಾಗರ ಎತ್ತು," ಅನ್ನುತ್ತಿದ್ದಳು. ನಾಲ್ಕು ವಾರ ಏನೂ ಆಗಲಿಲ್ಲ. ಇನ್ನು ಗಿರಣಿಯ ಏಣಿ ಹತ್ತುವುದು ಮುಗಿಯಿತು, ಮೂಲೆಯಲ್ಲಿ ಕೂತು ನಟ್ಟು ಬೋಲ್ಟು ವಿಂಗಡಿಸುವುದೇ ನನ್ನ ಹಣೆಬರಹ ಅಂದುಕೊಂಡೆ. ಐದನೆಯ ವಾರದ ಒಂದು ಸಂಜೆ ದಾರ ಸಡಿಲಾಯಿತು. ಎತ್ತಿದ್ದು ಆಕೆಯಲ್ಲ, ನಾನು. ಅಕ್ಕ ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಳಿಂದ ಇಪ್ಪತ್ತು ಸಲ," ಅಂತ ಎದ್ದು ಹೋದಳು. ನಮ್ಮವ್ವ ಆಕೆಯ ಹಿಂದೆಯೇ ಅಂಗಳಕ್ಕೆ ಹೋಗಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಕೋಲಿಲ್ಲದೆ, ಯಾರ ಹೆಗಲೂ ಇಲ್ಲದೆ ನಾನು ಮೊದಲು ನಡೆದುಹೋದದ್ದು ಓಣಿ ದಾಟಿ ಅಕ್ಕನ ಮನೆಗೆ. ಹನ್ನೆರಡು ಹೆಜ್ಜೆ. ಅದೊಂದು ಭಾನುವಾರದ ಬೆಳಗು. ಜಗಲಿಯ ಮಂಚದ ಮೇಲೆ ಆಕೆಯ ಅಪ್ಪ ಕೂತಿದ್ದ. ಅಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವತ್ತು ಹೊಸ್ತಿಲಲ್ಲಿ ಆಕೆ ಹೇಳಿದ್ದು ಓಣಿಯಿಂದ ಓಣಿಗೆ ಹೋಗಿ ಮುದುಕನ ಕಿವಿಗೂ ಬಿದ್ದಿರಲೇಬೇಕು. ಆದರೆ ಅಪ್ಪ ಮಗಳ ನಡುವೆ ಆ ಮಾತು ಬಂದಿರಲಿಲ್ಲ. ಇಪ್ಪತ್ತು ವರ್ಷದಿಂದ ಬಾರದ್ದು ಮೂರು ತಿಂಗಳಲ್ಲಿ ಹೇಗೆ ಬಂದೀತು?

ಮುದುಕ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡ. "ಎತ್ತಪಾ, ನೋಡೂಣು," ಅಂದ. ಹೆಬ್ಬೆರಳು ಎತ್ತಿ ತೋರಿಸಿದೆ. "ಇನ್ನೊಮ್ಮೆ," ಅಂದ. ಎತ್ತಿದೆ. ಮಕ್ಕಳು ಹೊಸ ಆಟಿಕೆ ನೋಡುವ ಹಾಗೆ ನೋಡುತ್ತಿದ್ದ. ಆಮೇಲೆ ತನ್ನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡ.

"ಇಂವಗ ಎಷ್ಟು ದಿನದಿಂದ ಹಂಗಿತ್ತವ್ವಾ? ಆ ಬೆರಳು ಏಳದ್ದು?" ಅಂತ ಮಗಳನ್ನು ಕೇಳಿದ.

"ನಾಕೈದು ದಿನ ಅಂತಪ್ಪಾ. ಯಾರಿಗೂ ಹೇಳಿದ್ದಿಲ್ಲ ಇಂವ. ಚಪ್ಪಲಿ ಜಾರ್ತೈತಿ ಅಂತ ಚಪ್ಪಲಿಗೆ ಬೈತಿದ್ದ."

ಮುದುಕ ತನ್ನ ಏಳದ ಹೆಬ್ಬೆರಳನ್ನು ಕೈಯಿಂದ ಸವರಿದ. "ನಂದು ಎಂಟು ದಿನ," ಅಂದ.

ಅಕ್ಕನ ಕೈಯಲ್ಲಿ ಮೊರ ನಿಂತಿತು.

"ನೀ ಒದೆಯೋದಕ್ಕ ಎಂಟು ದಿನ ಮೊದಲ ಕಾಲು ಜುಮ್ಮನ್ನಾಕ ಹತ್ತಿತ್ತು. ಬೆರಳು ಏಳ್ತಿದ್ದಿಲ್ಲ. ಹಲಗಿ ಏರುವಾಗ ಎರಡು ಸಲ ಕಾಲು ಮಡಚಿಕೊಂಡಿತ್ತು. ಹೇಳಿದ್ರ ಮೇಸ್ತ್ರಿ ಚೀಲಕ್ಕ ಕೈ ಹಚ್ಚಾಕ ಬಿಡ್ತಿದ್ದಿಲ್ಲ. ನಿನ್ನ ಕಡಿಂದ ಒದಿಸಿಕೊಂಡ್ರ ಹೋದೀತು ಅಂತ, ಆಡೋ ಕೂಸಿನ್ನ ಎಳಕೊಂಡು ಬಂದೆ." ಮುದುಕ ಮಗಳ ಕಡೆ ನೋಡಲಿಲ್ಲ, ತನ್ನ ಕಾಲಿನ ಕಡೆಗೇ ನೋಡುತ್ತಿದ್ದ. "ಬಿದ್ದ ಮ್ಯಾಲೆ ಹೇಳಾಕ ನಾಚಿಕಿ ಬಂತು. ನಾಳೆ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂದೆ. ನೀ ಅದನ್ನ ಹೊತ್ತುಕೊಂಡು ಅಡ್ಡಾಡ್ತಿ ಅಂತ ನನಗೇನು ಗೊತ್ತವ್ವಾ. ಓಣ್ಯಾಗಿನವ್ರು ಹೇಳಿದ್ಮ್ಯಾಲೆ ಗೊತ್ತಾತು."

ನಾನು ಏಳಬೇಕೋ ಕೂರಬೇಕೋ ತಿಳಿಯದೆ ಕೂತಿದ್ದೆ. ಬಂದ ಬಂದವರಿಗೆಲ್ಲ ಜಗಲಿಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದವಳು, ಅದೇ ಜಗಲಿಯ ಮಂಚದ ಮೇಲಿದ್ದ ಅಪ್ಪನನ್ನು ಒಮ್ಮೆಯೂ ಕೇಳಿರಲಿಲ್ಲ. ಉತ್ತರ ತನಗೆ ಗೊತ್ತಿದೆ ಅಂದುಕೊಂಡಿದ್ದಳು.

ಅಕ್ಕ ಮೊರ ಕೆಳಗಿಟ್ಟು ಎದ್ದು ಬಂದಳು. ಮಂಚದ ಹತ್ತಿರ ನೆಲಕ್ಕೆ ಕೂತು, ಅಪ್ಪನ ಬಲಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಕೆಯ ಬೆನ್ನು ಬಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒದಿಯೋಕ್ಕಿಂತ ಮೊದಲಪ್ಪಾ? ಖರೇ ಹೇಳು. ಮೊದಲ?"

"ಮೊದಲವ್ವಾ," ಅಂದ ಮುದುಕ.